ಮೋಟಾರು ಷೆಡ್ಡು ವಾಸದ ಕೋಣೆಯಾದೀತೆ?

ಪಟ್ಟಣದ ನಿವೇಶನಕ್ಕೆ ನಾಲ್ಕು ಮೂಲೆಯ ಕಲ್ಲು ನೆಟ್ಟಮೇಲೆ ಅದು ಬೆಳೆಯುವುದಿಲ್ಲ. ಅದರೊಳಗಿನ ಸಂಸಾರ ಮಾತ್ರ ಬೆಳೆಯುತ್ತ ಹೋಗುತ್ತದೆ. ಮಗನಿಗೆ ಮದುವೆಯಾಗುತ್ತದೆ, ಮಗಳು ಬಾಣಂತನಕ್ಕೆ ಬರುತ್ತಾಳೆ, ಹಳ್ಳಿಯಲ್ಲಿ ಒಬ್ಬರೇ ಇದ್ದ ತಾಯಿಯನ್ನು ಕರೆತಂದು ಇಟ್ಟುಕೊಳ್ಳಬೇಕಾಗುತ್ತದೆ. ಇರುವ ಕೋಣೆಗಳೆಲ್ಲ ಮಹಡಿಯ ಮೇಲಿವೆ. ಆಕೆಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು. ಆಗ ಮನೆಯ ಯಜಮಾನರ ದೃಷ್ಟಿ ಸಹಜವಾಗಿಯೇ ಮೋಟಾರು ಷೆಡ್ಡಿನ ಕಡೆ ಹೊರಳುತ್ತದೆ. ಮೂರು ಕಡೆ ಗೋಡೆ ಇದೆ, ಮೇಲೆ ತಾರಸಿ ಇದೆ, ನೆಲದ ಮಟ್ಟದಲ್ಲೇ ಇದೆ. ಮುಂದಿನ ರೋಲಿಂಗ್ ಷಟರು ಕಿತ್ತು ಗೋಡೆ ಎಬ್ಬಿಸಿ ಒಂದು ಬಾಗಿಲಿಟ್ಟರೆ ಕೋಣೆ ಸಿದ್ಧ. “ಹದಿನೈದು ದಿನದ ಕೆಲಸ, ಸ್ವಾಮಿ, ಯೋಚನೆ ಮಾಡಬೇಡಿ” ಎಂದು ಮೇಸ್ತ್ರಿಯೂ ಧೈರ್ಯ ಹೇಳುತ್ತಾನೆ.

ಮೇಸ್ತ್ರಿ ಹೇಳಿದ್ದು ಸುಳ್ಳಲ್ಲ. ಗೋಡೆ ಕಟ್ಟುವ ಮಟ್ಟಿಗೆ ಅದು ಹದಿನೈದು ದಿನದ ಕೆಲಸವೇ. ಆದರೆ ಗಾಡಿ ನಿಲ್ಲುವ ಜಾಗಕ್ಕೂ ಮನುಷ್ಯ ಮಲಗುವ ಜಾಗಕ್ಕೂ ಇರುವ ಅಂತರ ಒಂದು ಗೋಡೆಯದಲ್ಲ. ಅದನ್ನು ಮೊದಲೇ ತಿಳಿದುಕೊಂಡು ಹೊರಟರೆ ಹಣವೂ ಉಳಿದೀತು, ತಾಯಿಗೆ ನಿಜವಾಗಿ ಸುಖವಾದ ಒಂದು ಕೋಣೆಯೂ ದೊರೆತೀತು. ಆದ್ದರಿಂದ ಈ ವಿಷಯವನ್ನು ಸ್ವಲ್ಪ ಬಿಡಿಸಿ ನೋಡೋಣ.

ಷೆಡ್ಡು ರಿಯಾಯಿತಿಯ ಕಟ್ಟಡ

ಮನೆ ಕಟ್ಟಲು ಲೈಸೆನ್ಸು ಕೊಡುವಾಗ ನಗರಪಾಲಿಕೆಯವರು ಮನೆಯನ್ನು ಅಳೆಯುವ ಕೋಲೇ ಬೇರೆ, ಷೆಡ್ಡನ್ನು ಅಳೆಯುವ ಕೋಲೇ ಬೇರೆ. ಒಂದು ನಿವೇಶನದಲ್ಲಿ ಒಟ್ಟು ಎಷ್ಟು ಚದರ ಕಟ್ಟಬಹುದು ಎಂಬುದಕ್ಕೆ ಒಂದು ಮಿತಿಯುಂಟು, ಎಫ್.ಎ.ಆರ್. ಎಂದು ಇಂಜಿನಿಯರುಗಳು ಹೇಳುವುದು ಇದನ್ನೇ. ವಾಹನ ನಿಲ್ಲಿಸಲು ಬಿಟ್ಟ ಜಾಗವನ್ನು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಹಿಡಿಯುವುದಿಲ್ಲ. ಗಾಳಿ ಬೆಳಕಿಗಾಗಿ ಮನೆಯ ಸುತ್ತ ಇಂತಿಷ್ಟು ಜಾಗವನ್ನು ಬಯಲಾಗಿ ಬಿಡಬೇಕೆಂಬ ಇನ್ನೊಂದು ನಿಯಮವುಂಟು. ಸೆಟ್‌ಬ್ಯಾಕ್ ಎನ್ನುವುದು ಅದಕ್ಕೆ. ವಾಸದ ಕೋಣೆಗೆ ಅಲ್ಲಿ ಪ್ರವೇಶವಿಲ್ಲ. ಆದರೆ ಷೆಡ್ಡಿಗೆ ಕೆಲವು ಕಟ್ಟುಪಾಡುಗಳೊಡನೆ ಅಲ್ಲಿಯೂ ಎಡೆ ಕೊಡುವ ಪದ್ಧತಿ ಅನೇಕ ಊರುಗಳಲ್ಲಿದೆ. ನೆಲದ ಎತ್ತರ, ತಾರಸಿಯ ಎತ್ತರ, ಕಿಟಕಿ ಇವುಗಳಲ್ಲಿಯೂ ಷೆಡ್ಡಿಗೆ ಸಡಿಲಿಕೆ ಉಂಟು.

ಈ ರಿಯಾಯಿತಿಗಳೆಲ್ಲ ಯಾರಿಗೆ ದೊರೆತದ್ದು? ಮನೆಯವರಿಗಲ್ಲ, ಗಾಡಿಗೆ. ಗಾಡಿ ಬೀದಿಯಲ್ಲಿ ನಿಲ್ಲದೆ ಮನೆಯೊಳಗೆ ನಿಲ್ಲಲಿ ಎಂಬ ಉದ್ದೇಶದಿಂದ ಕೊಟ್ಟದ್ದು. ಅದೇ ಜಾಗದಲ್ಲಿ ಮಂಚ ಹಾಕಿದ ದಿನ ಆ ರಿಯಾಯಿತಿಗೆ ಕಾರಣವೇ ಇಲ್ಲದಂತಾಗುತ್ತದೆ. ಲೆಕ್ಕಕ್ಕೆ ಬಾರದಿದ್ದ ಚದರ ಲೆಕ್ಕಕ್ಕೆ ಬರುತ್ತದೆ. ಬಯಲಾಗಿರಬೇಕಾದ ಜಾಗದಲ್ಲಿ ವಾಸದ ಕೋಣೆ ಬಂದಂತಾಗುತ್ತದೆ. ಪರಿವರ್ತನೆಗೆ ಅನುಮತಿ ಬೇಕೆಂಬ ನಿಯಮದ ತಿರುಳು ಇಷ್ಟೇ. ಇದನ್ನು ತಿಳಿದವರಿಗೆ ಮುಂದಿನದೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

“ನನ್ನ ಜಾಗ, ನನ್ನ ಗೋಡೆ”

“ಹೊಸದಾಗಿ ಏನನ್ನೂ ಕಟ್ಟುತ್ತಿಲ್ಲವಲ್ಲ, ಇದ್ದ ಗೋಡೆಯ ಒಳಗೇ ಸ್ವಲ್ಪ ಮಾರ್ಪಾಟು. ಇದಕ್ಕೂ ಲೈಸೆನ್ಸೇ?” ಎಂದು ಕೇಳುವವರುಂಟು. ಪ್ರಶ್ನೆ ನ್ಯಾಯವಾದದ್ದೇ. ಭಾರತದ ರಾಷ್ಟ್ರೀಯ ಕಟ್ಟಡ ಸಂಹಿತೆ ಎಂಬ ಗ್ರಂಥವೊಂದಿದೆ. ದೇಶದ ಮಾನಕ ಸಂಸ್ಥೆ ಅದನ್ನು ಮೊದಲು 1970ರಲ್ಲಿ ಪ್ರಕಟಿಸಿತು. 1983, 2005 ಮತ್ತು 2016ರಲ್ಲಿ ಪರಿಷ್ಕರಿಸಿತು. ಅದು ತಾನೇ ಕಾಯಿದೆಯಲ್ಲ. ಊರೂರಿನ ಕಟ್ಟಡ ನಿಯಮಗಳಿಗೆ ಮಾದರಿ. ಕಿಟಕಿ ಬಾಗಿಲು ತೆರೆಯುವುದು, ಮುಚ್ಚುವುದು, ಒಳಗೆ ತಡಿಕೆಗೋಡೆ ಹಾಕುವುದು, ಗಾರೆ ಮೆತ್ತುವುದು, ನೆಲ ಹಾಸುವುದು, ಸುಣ್ಣಬಣ್ಣ ಬಳಿಯುವುದು, ಇಂಥ ಸಣ್ಣ ಕೆಲಸಗಳಿಗೆ ಪರವಾನಗಿ ಬೇಡವೆಂದು ಅದರಲ್ಲಿಯೇ ಹೇಳಿದೆ. ಆದರೆ ಒಂದು ಷರತ್ತನ್ನೂ ಸೇರಿಸಿದೆ: ಆ ಕೆಲಸದಿಂದ ಕಟ್ಟಡದ ಸಾಮಾನ್ಯ ಅಗತ್ಯಗಳಿಗೆ, ಭದ್ರತೆಗೆ, ಬೆಂಕಿಯ ಸುರಕ್ಷತೆಗೆ ಸಂಬಂಧಿಸಿದ ನಿಯಮಗಳು ಮುರಿಯಬಾರದು.

ಷೆಡ್ಡನ್ನು ಕೋಣೆ ಮಾಡುವಾಗ ನಡೆಯುವ ಕೆಲಸಗಳನ್ನು ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಈ ಸಣ್ಣ ಪಟ್ಟಿಯಲ್ಲಿಯೇ ಇರುವಂತೆ ತೋರುತ್ತದೆ. ಕೂಡಿಸಿ ನೋಡಿದರೆ ಕಟ್ಟಡದ ಉಪಯೋಗವೇ ಬದಲಾಗಿರುತ್ತದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯಿದೆಯು ‘ಅಭಿವೃದ್ಧಿ’ ಎಂಬ ಮಾತಿಗೆ ಅರ್ಥ ಹೇಳುವಾಗ, ಕಟ್ಟುವುದನ್ನಷ್ಟೇ ಅಲ್ಲ, ಕಟ್ಟಡದ ಉಪಯೋಗದಲ್ಲಿ ಗಣನೀಯ ಬದಲಾವಣೆ ಮಾಡುವುದನ್ನೂ ಸೇರಿಸಿದೆ. ದೊಡ್ಡ ನಗರಗಳಿಗೆ 1976ರ ಪೌರನಿಗಮಗಳ ಕಾಯಿದೆ, ಸಣ್ಣ ಪಟ್ಟಣಗಳಿಗೆ 1964ರ ಪುರಸಭೆಗಳ ಕಾಯಿದೆ ಅನ್ವಯಿಸುತ್ತವೆ. ಬೆಂಗಳೂರಿಗೆ ತನ್ನದೇ ಪ್ರತ್ಯೇಕ ಕಾಯಿದೆಯಿದ್ದು, 2025ರಲ್ಲಿ ಅಲ್ಲಿ ಒಂದರ ಬದಲು ಐದು ನಗರಪಾಲಿಕೆಗಳು ಏರ್ಪಟ್ಟಿವೆ. ಆದ್ದರಿಂದ ಬೆಂಗಳೂರಿನವರು ಮೊದಲು ತಮ್ಮ ಮನೆ ಯಾವ ಪಾಲಿಕೆಗೆ ಸೇರಿದೆ ಎಂಬುದನ್ನು ತಿಳಿದುಕೊಳ್ಳಬೇಕು.

ನೆಲ, ತಾರಸಿ, ಕಿಟಕಿ

ಕಾನೂನಿನ ಮಾತು ಹಾಗಿರಲಿ. ಷೆಡ್ಡಿನ ಮೈಕಟ್ಟನ್ನೇ ಪರೀಕ್ಷಿಸೋಣ. ಒಂದು ಅಳತೆಪಟ್ಟಿ ಹಿಡಿದು ಯಾರು ಬೇಕಾದರೂ ಮಾಡಬಹುದಾದ ಪರೀಕ್ಷೆ ಇದು.

ಮೊದಲನೆಯದು ನೆಲ. ವಾಸದ ಮನೆಯ ನೆಲಗಟ್ಟು ಸುತ್ತಲ ಭೂಮಿಗಿಂತ 450 ಮಿಲಿಮೀಟರ್, ಎಂದರೆ ಸುಮಾರು ಒಂದೂವರೆ ಅಡಿ ಎತ್ತರವಾಗಿರಬೇಕೆಂದು ಸಂಹಿತೆ ಹೇಳುತ್ತದೆ. ಷೆಡ್ಡಿಗೆ 150 ಮಿಲಿಮೀಟರ್, ಎಂದರೆ ಅರ್ಧ ಅಡಿ ಸಾಕು. ಇಲ್ಲದಿದ್ದರೆ ಗಾಡಿ ಹತ್ತುವುದಾದರೂ ಹೇಗೆ? ಜೋರು ಮಳೆಯ ರಾತ್ರಿ ಬೀದಿಯ ನೀರು ಷೆಡ್ಡಿಗೆ ನುಗ್ಗಿದರೆ ಗಾಡಿಯ ಚಕ್ರ ತೊಯ್ದೀತು, ಅಷ್ಟೆ. ಅಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬರಿದ್ದರೆ?

ಎರಡನೆಯದು ಎತ್ತರ. ವಾಸದ ಕೋಣೆಯಲ್ಲಿ ನೆಲದಿಂದ ತಾರಸಿಗೆ 2.75 ಮೀಟರ್, ಎಂದರೆ ಸುಮಾರು ಒಂಬತ್ತು ಅಡಿ ಇರಬೇಕು. ಷೆಡ್ಡಿಗೆ 2.4 ಮೀಟರ್, ಎಂದರೆ ಎಂಟು ಅಡಿಗೆ ಸ್ವಲ್ಪ ಕಡಿಮೆಯಾದರೂ ಸರಿ. ಈಗ ಇವೆರಡನ್ನೂ ಸೇರಿಸಿ ನೋಡಿ. ನಿಮ್ಮ ಷೆಡ್ಡು ಒಂಬತ್ತು ಅಡಿ ಎತ್ತರವಿದೆ ಎಂದುಕೊಳ್ಳಿ. ಮಳೆಯ ನೀರಿಗೆ ಹೆದರಿ ನೆಲವನ್ನು ಒಂದಡಿ ಏರಿಸಿದರೆ ತಾರಸಿ ಎಂಟೇ ಅಡಿಗೆ ಇಳಿಯಿತು. ಬೇಸಗೆಯಲ್ಲಿ ಕಾದ ತಾರಸಿಯ ಝಳ ಮಲಗಿದವರ ಮುಖಕ್ಕೇ ಹೊಡೆದೀತು. ಪಂಕ ತೂಗಹಾಕಿದರೆ ಎತ್ತಿದ ಕೈಗೆ ತಗಲೀತು. ತಾರಸಿಯ ಎತ್ತರ ಉಳಿಸೋಣವೆಂದು ನೆಲ ಏರಿಸದೆ ಬಿಟ್ಟರೆ ನೀರಿನ ಭಯ. ಎರಡೂ ಕೂಡಿಬರಬೇಕಾದರೆ ಈಗಿನ ಷೆಡ್ಡು ಒಳಗಿನಿಂದ ಹತ್ತಡಿ ಇರಬೇಕು. ಎಷ್ಟೋ ಆಲೋಚನೆಗಳು ಈ ಒಂದು ಅಳತೆಯಲ್ಲಿಯೇ ತೀರ್ಮಾನವಾಗಿಬಿಡುತ್ತವೆ.

ಮೂರನೆಯದು ಬೆಳಕು. ಕಿಟಕಿಗಳ ಒಟ್ಟು ವಿಸ್ತೀರ್ಣ ಕೋಣೆಯ ನೆಲದ ಎಷ್ಟನೆಯ ಭಾಗ ಇರಬೇಕೆಂಬುದು ಹವೆಯನ್ನು ಅನುಸರಿಸಿದೆ. ಕಲಬುರಗಿಯಂಥ ಒಣ ಸೆಕೆಯ ಊರಿಗೆ ಹತ್ತನೆಯ ಒಂದು ಭಾಗ, ಮಂಗಳೂರಿನಂಥ ತೇವದ ಸೆಕೆಗೆ ಆರನೆಯ ಒಂದು ಭಾಗ, ನಡುವಣ ಹವೆಗೆ ಎಂಟನೆಯ ಒಂದು ಭಾಗ. ಹತ್ತಡಿ ಅಗಲ, ಹದಿನೆಂಟಡಿ ಉದ್ದದ ಷೆಡ್ಡು ನೂರ ಎಂಬತ್ತು ಚದರಡಿಯಾಯಿತು. ಎಂಟನೆಯ ಒಂದು ಭಾಗವೆಂದರೆ ಇಪ್ಪತ್ತೆರಡೂವರೆ ಚದರಡಿ. ಮೂರಡಿ ಅಗಲ ನಾಲ್ಕಡಿ ಎತ್ತರದ ಎರಡು ಕಿಟಕಿ ಇಟ್ಟರೆ ಸರಿಹೋಗುತ್ತದೆ. ಮಂಗಳೂರಿನಲ್ಲಾದರೆ ಮೂರು ಬೇಕು. ಬಾಗಿಲನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ ಎಂಬುದನ್ನು ಮರೆಯಬಾರದು. ಷೆಡ್ಡು ಕಾಂಪೌಂಡು ಗೋಡೆಗೆ ಒತ್ತಿಕೊಂಡಿದ್ದರೆ ಆ ಕಡೆ ಕಿಟಕಿ ಇಡುವಂತಿಲ್ಲ. ಪಕ್ಕದವರ ಅಂಗಳಕ್ಕೆ ಇಣುಕುವ ಹಕ್ಕು ನಮಗಿಲ್ಲ. ಹಾಗಾದರೆ ಬೆಳಕು ಯಾವ ಕಡೆಯಿಂದ ಬಂದೀತು ಎಂಬುದನ್ನು ಗೋಡೆ ಎಬ್ಬಿಸುವ ಮೊದಲೇ ನಿಶ್ಚಯಿಸಿಕೊಳ್ಳಬೇಕು.

ವಿಸ್ತೀರ್ಣದಲ್ಲಿ ಷೆಡ್ಡು ಸಾಮಾನ್ಯವಾಗಿ ಸೋಲುವುದಿಲ್ಲ. ಮನೆಯ ಒಂದು ಕೋಣೆ 9.5 ಚದರ ಮೀಟರ್, ಎಂದರೆ ಸುಮಾರು ನೂರ ಎರಡು ಚದರಡಿ ಇದ್ದರೆ ಸಾಕೆನ್ನುತ್ತದೆ ಸಂಹಿತೆ. ಕಕ್ಕಸು, ಸ್ನಾನದ ಮನೆ ಎರಡೂ ಒಂದರಲ್ಲೇ ಆದರೆ 2.8 ಚದರ ಮೀಟರ್, ಎಂದರೆ ಸುಮಾರು ಮೂವತ್ತು ಚದರಡಿ. ಮುದುಕರ ಕೋಣೆಗೆ ಇದು ಹತ್ತಿರದಲ್ಲೇ ಇರಬೇಕಾದ ಸೌಕರ್ಯ. ಆದರೆ ಷೆಡ್ಡಿನ ನೆಲ ತಗ್ಗಿನಲ್ಲಿರುವುದರಿಂದ ಕೊಳಚೆ ನೀರು ಹರಿದುಹೋಗಲು ಇಳಿಜಾರು ಸಿಕ್ಕೀತೇ ಎಂಬುದನ್ನು ಮೊದಲು ನೋಡಬೇಕು. ನಾಲ್ಕು ಅಂಗುಲದ ಕೊಳವೆಗೆ ನಲವತ್ತಡಿ ಉದ್ದಕ್ಕೆ ಸುಮಾರು ಒಂದಡಿಯಷ್ಟು ಇಳಿಜಾರು ಬೇಕು. ಬೀದಿಯ ಚರಂಡಿ ಕಟ್ಟಿಕೊಂಡಾಗ ಕೊಳಚೆ ಹಿಂದಕ್ಕೆ ಉಕ್ಕುವುದು ತಗ್ಗಿನಲ್ಲಿರುವ ಕಕ್ಕಸಿನಲ್ಲೇ. ಇಲ್ಲಿಯೂ ನೆಲ ಏರಿಸುವ ಪ್ರಶ್ನೆಯೇ ತಿರುಗಿ ಬರುತ್ತದೆ.

ನೆಲ ಏರಿಸಿದರೆ ಮೆಟ್ಟಿಲೂ ಬೇಕಾಗುತ್ತದೆ. ಒಂದೂವರೆ ಅಡಿಗೆ ಆರು ಅಂಗುಲದ ಮೂರು ಮೆಟ್ಟಿಲು. ಗಾಲಿಕುರ್ಚಿಯವರಿದ್ದರೆ ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿ ಹದಿನೆಂಟಡಿ ಉದ್ದದ ಇಳಿಜಾರು ದಾರಿ. ಯಾರಿಗಾಗಿ ಕೋಣೆ ಮಾಡುತ್ತಿದ್ದೇವೋ ಅವರು ಒಳಗೆ ಹೋಗುವುದು ಹೇಗೆ ಎಂಬುದನ್ನು ನಕ್ಷೆಯಲ್ಲಿಯೇ ಬರೆದು ನೋಡಬೇಕು.

ಕೆಲಸದ ವಿಷಯದಲ್ಲಿ ಎರಡು ಮಾತು. ವರ್ಷಗಟ್ಟಲೆ ಎಣ್ಣೆ ಕುಡಿದ ಷೆಡ್ಡಿನ ನೆಲದ ಮೇಲೆ ಹೊಸ ಗಾರೆ ಕಚ್ಚುವುದಿಲ್ಲ. ಹಳೆಯ ಮೇಲ್ಪದರವನ್ನು ಕೆತ್ತಿ ತೆಗೆಸಬೇಕು. ಮನೆಗೂ ಷೆಡ್ಡಿಗೂ ನಡುವಣ ಗೋಡೆಯಲ್ಲಿ ಬಾಗಿಲು ಒಡೆಯಬೇಕಾದರೆ ಅದು ಮೇಲಿನ ಮಹಡಿಯ ಭಾರ ಹೊತ್ತ ಗೋಡೆಯೇ ಎಂದು ಇಂಜಿನಿಯರೊಬ್ಬರಿಂದ ಪರೀಕ್ಷೆ ಮಾಡಿಸದೆ ಒಡೆಯಬಾರದು. ಷೆಡ್ಡಿನ ಅರ್ಧವನ್ನು ಕೋಣೆ ಮಾಡಿ ಇನ್ನರ್ಧದಲ್ಲಿ ಗಾಡಿ ನಿಲ್ಲಿಸುವ ಯೋಚನೆಯಿದ್ದರೆ ನಡುವೆ ತಡಿಕೆ ಸಾಲದು, ಪೂರ್ತಿ ತಾರಸಿಯವರೆಗೆ ಗೋಡೆ ಬೇಕು. ಇಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಅದು ತಿಳಿಯುವುದೇ ಇಲ್ಲ.

ಒಂದು ಎಚ್ಚರಿಕೆ

ಇವೆಲ್ಲ ಕಾಗದದ ಕಟ್ಟುಪಾಡು, ಲಂಚಕ್ಕೆ ದಾರಿ ಎಂದು ತಳ್ಳಿಹಾಕುವವರು 2024ರ ಜುಲೈ 27ರ ಸಂಜೆ ದೆಹಲಿಯ ಹಳೆಯ ರಾಜೇಂದ್ರನಗರದಲ್ಲಿ ನಡೆದುದನ್ನು ನೆನೆಯಬೇಕು. ಅಲ್ಲಿಯ ಕಟ್ಟಡವೊಂದರ ನೆಲಮಾಳಿಗೆಗೆ ಅನುಮತಿ ಇದ್ದದ್ದು ವಾಹನ ನಿಲ್ಲಿಸಲು ಮತ್ತು ಸಾಮಾನು ಇಡಲು. ನಡೆಯುತ್ತಿದ್ದದ್ದು ವಿದ್ಯಾರ್ಥಿಗಳ ವಾಚನಾಲಯ. ಮಳೆಯ ನೀರು ಬೀದಿಯಿಂದ ನುಗ್ಗಿ ಮೂವರು ವಿದ್ಯಾರ್ಥಿಗಳು ಪ್ರಾಣ ಕಳೆದುಕೊಂಡರು. ನಮ್ಮ ಷೆಡ್ಡು ನೆಲಮಾಳಿಗೆಯಲ್ಲ, ನಿಜ. ಆದರೆ ಸಾಮಾನಿಗೆಂದು ಅಳೆದ ಜಾಗದಲ್ಲಿ ಮನುಷ್ಯರನ್ನು ಇಡುವುದರ ಅಪಾಯ ಎಂಥದು ಎಂಬುದು ಈ ದುರಂತದಿಂದ ತಿಳಿಯುತ್ತದೆ. ಅನುಮತಿಪತ್ರದಲ್ಲಿ ಬರೆದ ‘ವಾಹನಕ್ಕೆ’ ಎಂಬ ಒಂದು ಮಾತಿನ ಹಿಂದೆ ನೀರು, ಗಾಳಿ, ಹೊರಬರುವ ದಾರಿ ಇವುಗಳ ಲೆಕ್ಕವೆಲ್ಲ ಅಡಗಿರುತ್ತದೆ.

ಅನುಮತಿ ಪಡೆಯುವ ಬಗೆ

ಷೆಡ್ಡು ಈ ಪರೀಕ್ಷೆಗಳಲ್ಲಿ ತೇರ್ಗಡೆಯಾಯಿತೆನ್ನೋಣ. ಮುಂದೇನು?

ಮೊದಲು ಮನೆಯ ಮಂಜೂರಾದ ಪ್ಲಾನನ್ನು ಪೆಟ್ಟಿಗೆಯಿಂದ ಹೊರಗೆ ತೆಗೆಯಿರಿ. ಅದರಲ್ಲಿ ಷೆಡ್ಡನ್ನು ಏನೆಂದು ಗುರುತಿಸಿದೆ, ಅದು ಸೆಟ್‌ಬ್ಯಾಕಿನಲ್ಲಿದೆಯೇ, ಮನೆಯ ಗೋಡೆಯ ಗೆರೆಯೊಳಗಿದೆಯೇ ಎಂದು ನೋಡಿ. ಗೆರೆಯೊಳಗಿದ್ದು, ಕಟ್ಟಬಹುದಾದ ಚದರದಲ್ಲಿ ಇನ್ನೂ ಸ್ವಲ್ಪ ಉಳಿದಿದ್ದರೆ ಅನುಮತಿ ದೊರೆಯುವ ಸಂಭವ ಹೆಚ್ಚು. ಸೆಟ್‌ಬ್ಯಾಕಿನಲ್ಲಿದ್ದರೆ ಆಸೆ ಇಟ್ಟುಕೊಳ್ಳದಿರುವುದೇ ಮೇಲು.

ಎರಡನೆಯದಾಗಿ, ಗಾಡಿಗೆ ಬೇರೆ ಜಾಗ ತೋರಿಸಬೇಕು. ಪ್ಲಾನಿನಲ್ಲಿ ಒಂದು ಗಾಡಿಗೆ ಜಾಗ ಕಡ್ಡಾಯವಾಗಿದ್ದರೆ ಷೆಡ್ಡು ಹೋದಮೇಲೂ ಅದು ಕಡ್ಡಾಯವೇ. ಮುಂದಿನ ಅಂಗಳದಲ್ಲೋ ಪಕ್ಕದಲ್ಲೋ ನಿಲ್ಲಿಸುವಂತಿದ್ದರೆ ಅದನ್ನು ನಕ್ಷೆಯಲ್ಲಿ ಕಾಣಿಸಬೇಕು. “ಬೀದಿಯಲ್ಲಿ ನಿಲ್ಲಿಸಿದರಾಯಿತು” ಎಂಬುದು ಉತ್ತರವಲ್ಲ. ಮೂವತ್ತಡಿ ರಸ್ತೆಯ ಎರಡು ಕಡೆಗೂ ಗಾಡಿಗಳು ನಿಂತರೆ, ನಮ್ಮ ಮನೆಯ ಮುದುಕರಿಗೇ ಒಂದು ರಾತ್ರಿ ಆಂಬುಲೆನ್ಸು ಬೇಕಾದಾಗ ಅದು ಬಾಗಿಲಿಗೆ ಬರಲಾರದು.

ಮೂರನೆಯದಾಗಿ, ಲೈಸೆನ್ಸು ಪಡೆದ ಇಂಜಿನಿಯರು ಅಥವಾ ವಾಸ್ತುಶಿಲ್ಪಿಯಿಂದ ಮಾರ್ಪಾಟಿನ ಪ್ಲಾನು ಬರೆಸಿ, ಹಕ್ಕುಪತ್ರ, ಹಿಂದಿನ ಪ್ಲಾನು, ಕಂದಾಯದ ರಸೀದಿ ಇವುಗಳ ನಕಲಿನೊಡನೆ ನಿಮ್ಮ ಪಟ್ಟಣ ಪಂಚಾಯಿತಿ, ಪುರಸಭೆ, ನಗರಸಭೆ ಅಥವಾ ಪಾಲಿಕೆಗೆ ಅರ್ಜಿ ಕೊಡಬೇಕು. ಅಳತೆಗಳು ಊರಿನಿಂದ ಊರಿಗೆ ಸ್ವಲ್ಪ ಬದಲಾಗುತ್ತವೆ. ಸಣ್ಣ ನಿವೇಶನಗಳಿಗೆ ಬೇರೆ ಸಡಿಲಿಕೆಗಳೂ ಉಂಟು. ಆದ್ದರಿಂದ ಇಲ್ಲಿ ಹೇಳಿದ ಸಂಹಿತೆಯ ಅಂಕಿಗಳನ್ನು ದಾರಿದೀಪವಾಗಿಟ್ಟುಕೊಂಡು, ಕೊನೆಯ ಮಾತನ್ನು ನಿಮ್ಮ ಊರಿನ ಕಚೇರಿಯಲ್ಲಿಯೇ ಕೇಳಿ ತಿಳಿಯಿರಿ. ಮಂಜೂರಾತಿ ಬಾಯಿಮಾತಿನಲ್ಲಿ ಬಂದರೆ ಸಾಲದು. ಮೊಹರು ಬಿದ್ದ ಪ್ಲಾನು ಕೈಗೆ ಬಂದಮೇಲೆ ಇಟ್ಟಿಗೆ ಇಳಿಸಬೇಕು. ಕೆಲಸ ಮುಗಿದಮೇಲೆ ಕಚೇರಿಗೆ ತಿಳಿಸಿ ಸ್ವಾಧೀನಾನುಭವ ಪತ್ರ ಪಡೆಯುವುದು, ಕಂದಾಯದ ಲೆಕ್ಕದಲ್ಲಿ ಹೊಸ ಕೋಣೆಯನ್ನು ಸೇರಿಸುವುದು ಕೊನೆಯ ಹೆಜ್ಜೆ. ಕಂದಾಯ ಕಟ್ಟಿದ ಮಾತ್ರಕ್ಕೆ ಅನುಮತಿ ಸಿಕ್ಕಂತಾಗುವುದಿಲ್ಲ. ರಸೀದಿ ಬೇರೆ, ಲೈಸೆನ್ಸು ಬೇರೆ.

ಮನೆಯವರಿಗಲ್ಲದೆ ಬಾಡಿಗೆಗೆ, ಅದರಲ್ಲಿಯೂ ಅಂಗಡಿಗೆ ಕೊಡುವ ಯೋಚನೆಯಿದ್ದರೆ ವಿಷಯ ಇನ್ನಷ್ಟು ಗಂಭೀರ. ಆಗ ವಾಸದ ಕಟ್ಟಡ ವ್ಯಾಪಾರದ ಕಟ್ಟಡವಾಗುತ್ತದೆ. ವ್ಯಾಪಾರದ ಲೈಸೆನ್ಸು, ವಿದ್ಯುತ್ತಿನ ದರ ಎಲ್ಲವೂ ಬದಲಾಗುತ್ತವೆ. ಅಪಾರ್ಟ್‌ಮೆಂಟಿನವರಂತೂ ಕಂಬಗಳ ನಡುವಣ ವಾಹನದ ಜಾಗವನ್ನು ಮುಟ್ಟಲೇಬಾರದು. ಮಹಾರಾಷ್ಟ್ರದ ಕಾಯಿದೆಯೊಂದರ ಕೆಳಗೆ ಬಂದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2010ರಲ್ಲಿಯೇ, ಇಂಥ ಜಾಗ ಷೆಡ್ಡೂ ಅಲ್ಲ, ಕಟ್ಟಿದವರು ಬೇರೆಯಾಗಿ ಮಾರುವ ಆಸ್ತಿಯೂ ಅಲ್ಲ, ಎಲ್ಲರಿಗೂ ಸೇರಿದ್ದು ಎಂದು ತೀರ್ಪು ಕೊಟ್ಟಿದೆ.

ಕೇಳದೆ ಮಾಡಿದರೆ?

“ನಮ್ಮ ಬೀದಿಯಲ್ಲಿ ಹತ್ತು ಮನೆಯವರು ಮಾಡಿಕೊಂಡಿದ್ದಾರೆ, ಯಾರಿಗೂ ಏನೂ ಆಗಿಲ್ಲ” ಎಂಬ ಮಾತು ಕೇಳಿಬರುತ್ತದೆ. ಆಗದಿರುವುದು ಬಹುಮಟ್ಟಿಗೆ ಅಕ್ಕಪಕ್ಕದವರ ಸೈರಣೆಯಿಂದ. ಒಂದು ದೂರು ಹೋದರೆ ನೋಟೀಸು ಬರುತ್ತದೆ. ಅನುಮತಿಯಿಲ್ಲದೆ ಮಾಡಿದ್ದನ್ನು ತೆಗೆಸುವ ಅಧಿಕಾರ ಕಾಯಿದೆಯಲ್ಲಿದೆ. ಹಾಗೇನೂ ಆಗದಿದ್ದರೂ ಮನೆ ಮಾರುವಾಗಲೋ ಸಾಲ ಕೇಳುವಾಗಲೋ ಪ್ಲಾನಿಗೂ ಮನೆಗೂ ತಾಳೆಯಾಗದ ಸಂಗತಿ ಹೊರಬೀಳುತ್ತದೆ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟು ಕೊಟ್ಟ ತೀರ್ಪಿನಲ್ಲಿ, ಕಟ್ಟಡದ ಮೇಲೆ ಸಾಲ ಕೊಡುವ ಬ್ಯಾಂಕುಗಳು ಸ್ವಾಧೀನಾನುಭವ ಪತ್ರವನ್ನು ಪರಿಶೀಲಿಸಬೇಕೆಂದು ಆದೇಶಿಸಿದೆ. ಬಹುಕಾಲ ಕಳೆಯಿತೆಂದೋ ಬಹಳ ಹಣ ಹಾಕಿದೆವೆಂದೋ ಅಕ್ರಮ ಸಕ್ರಮವಾಗುವುದಿಲ್ಲ ಎಂದೂ ಸ್ಪಷ್ಟವಾಗಿ ಹೇಳಿದೆ.

ಪರೀಕ್ಷೆಯಲ್ಲಿ ಷೆಡ್ಡು ಸೋತರೆ ನಿರಾಶರಾಗಬೇಕಿಲ್ಲ. ಕೆಳಗಡೆ ಅತಿಥಿಗಳಿಗೆಂದು ಇಟ್ಟಿರುವ ಹಜಾರವಿದ್ದರೆ ಅದನ್ನು ತಾಯಿಗೆ ಕೊಟ್ಟು, ಅತಿಥಿಗಳನ್ನು ಮಹಡಿಗೆ ಕರೆದೊಯ್ಯಬಹುದು. ಹಜಾರದ ನೆಲ, ಕಿಟಕಿ, ಎತ್ತರ ಎಲ್ಲವೂ ಮನುಷ್ಯರಿಗೆಂದೇ ಅಳೆದವು. ಷೆಡ್ಡಿನ ಮೇಲೆ ಕಟ್ಟಲು ಅವಕಾಶವಿದ್ದರೆ ಮಕ್ಕಳಿಗೆ ಅಲ್ಲಿ ಕೋಣೆ ಮಾಡಿ, ಅವರ ಕೆಳಗಿನ ಕೋಣೆಯನ್ನು ಹಿರಿಯರಿಗೆ ಬಿಡಿಸಬಹುದು. ಮನೆಯೊಳಗೆ ಯಾರು ಎಲ್ಲಿ ಇರಬೇಕೆಂಬುದನ್ನು ಹಂಚಿಕೊಳ್ಳುವುದಕ್ಕೆ ಲೈಸೆನ್ಸು ಬೇಡ.

ಮೇಸ್ತ್ರಿಯನ್ನು ಕರೆಸುವ ಮುನ್ನ ಅಳತೆಪಟ್ಟಿಯನ್ನೂ ಹಳೆಯ ಪ್ಲಾನನ್ನೂ ಕೈಗೆ ತೆಗೆದುಕೊಳ್ಳಿ. ನೆಲ ಎಷ್ಟು ತಗ್ಗು, ತಾರಸಿ ಎಷ್ಟು ಎತ್ತರ, ಕಿಟಕಿ ಯಾವ ಕಡೆ, ಗಾಡಿ ಎಲ್ಲಿ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದುಕೊಂಡು ಕಚೇರಿಗೆ ಹೋಗಿ. ಒಂದು ಬೆಳಗಿನ ಈ ಕೆಲಸದಿಂದ ಮುಂದಿನ ಎಷ್ಟೋ ವರ್ಷಗಳ ತೊಂದರೆ ತಪ್ಪುತ್ತದೆ.